ಕೈಬರಹದ ಗುರುತು ಅಳಿದಿಲ್ಲ
ಸೆರಿಫ್ (ಅಕ್ಷರದ ಗೆರೆಗಳ ತುದಿಯಲ್ಲಿ ಚಾಚುವ ಪುಟ್ಟ ಅಡ್ಡಗೆರೆ) ಇಲ್ಲದ ಅಕ್ಷರಗಳೆಲ್ಲ ಅಳತೆಪಟ್ಟಿ ಮತ್ತು ಕೈವಾರದಿಂದ ಹುಟ್ಟಿದವು ಎಂಬ ಲೇಖನವೊಂದರ ಮಾತನ್ನು ಒಪ್ಪಲಾರೆ. ಅದು 1927ರ ಫ್ಯೂಚುರಾ ಎಂಬ ಫಾಂಟಿಗೆ ಬಹುಮಟ್ಟಿಗೆ ಸಲ್ಲುತ್ತದೆ. ಆದರೆ ಎಡ್ವರ್ಡ್ ಜಾನ್‌ಸ್ಟನ್ 1916ರಲ್ಲಿ ಲಂಡನ್ನಿನ ಭೂಗತ ರೈಲಿಗಾಗಿ ರೂಪಿಸಿದ ಹ್ಯೂಮನಿಸ್ಟ್ (ಕೈಬರಹದ ರೂಪ ಉಳಿಸಿಕೊಂಡ) ಅಕ್ಷರಗಳಲ್ಲಿ ದೊಡ್ಡಕ್ಷರಗಳ ಅಗಲ-ಎತ್ತರದ ಪ್ರಮಾಣ ಬಂದದ್ದು ರೋಮನ್ ಶಿಲಾಶಾಸನಗಳಿಂದ, ಮತ್ತು ಇಂಗ್ಲಿಷಿನ ಸಣ್ಣ 'ಐ' (i) ಮೇಲಿನ ಚುಕ್ಕೆ ದುಂಡಗಿರದೆ ವಜ್ರಾಕಾರದಲ್ಲಿರುವುದು ಅಗಲ ಮೊನೆಯ ಲೇಖನಿಯ ಗುರುತು. ಅವರ ಶಿಷ್ಯ ಎರಿಕ್ ಗಿಲ್ 1928ರ ಗಿಲ್ ಸ್ಯಾನ್ಸ್‌ನಲ್ಲಿ ಹಿಡಿದದ್ದೂ ಇದೇ ದಾರಿ. ಹಾಸನದಲ್ಲಿ ಅಂಗಡಿಗಳ ಬೋರ್ಡ್ ಬರೆದೇ ಬದುಕಿದ ನನಗೆ ಇದು ಓದಿ ತಿಳಿದ ವಿಷಯವಷ್ಟೇ ಅಲ್ಲ: ಚಪ್ಪಟೆ ಬ್ರಷ್ಷನ್ನು ಓರೆಯಾಗಿ ಹಿಡಿದು 'ಕ'ದ ತಲೆಕಟ್ಟು ಎಳೆದರೆ, ನಾವು ಬೇಡವೆಂದರೂ ಅದರ ತುದಿ ಓರೆಯಾಗಿಯೇ ನಿಲ್ಲುತ್ತದೆ. ಇಂದಿನ ಹಲವು ಕನ್ನಡ ಫಾಂಟುಗಳಲ್ಲಿ ಆ ತುದಿಯನ್ನು ನೇರವಾಗಿ ಕತ್ತರಿಸಿ 'ಆಧುನಿಕ' ಎನ್ನುತ್ತಾರೆ.