ಅಜ್ಜಿಯ ಹೆಬ್ಬೆಟ್ಟು

ಸೋಮವಾರ ಪಕ್ಕದ ಮನೆ ಅಜ್ಜಿಯನ್ನು ಹೊಸನಗರಕ್ಕೆ ಕರೆದುಕೊಂಡು ಹೋಗಿದ್ದೆ. ನಾಲ್ಕು ತಿಂಗಳಿಂದ ಅವರಿಗೆ ರಾಜ್ಯ ಸರ್ಕಾರ ವಯಸ್ಸಾದವರಿಗೆ ಕೊಡುವ ಸಂಧ್ಯಾ ಸುರಕ್ಷಾ ಪಿಂಚಣಿ ದುಡ್ಡು ಬಂದಿಲ್ಲ. ಆಧಾರ್‌ಗೆ ಹೊಸದಾಗಿ ಹೆಬ್ಬೆಟ್ಟು ಕೊಡಬೇಕಂತೆ. ಕೊಟ್ಟರೆ ಮಷಿನ್ ತಗೊಳ್ಳಲಿಲ್ಲ. ಸೆರಗಲ್ಲಿ ಒರೆಸಿ ಇಟ್ಟರು, ತಲೆಗೂದಲಿಗೆ ಉಜ್ಜಿ ಇಟ್ಟರು, ಹತ್ತೂ ಬೆರಳು ಆಯಿತು. ಐವತ್ತು ವರ್ಷ ಮೆಟ್ಟುಗತ್ತಿ ಮುಂದೆ ಕೂತು ಊರವರ ಅಡಿಕೆ ಸುಲಿದ ಕೈ ಅದು. ಗೆರೆ ಎಲ್ಲಿ ಉಳಿದಿರುತ್ತದೆ ಹೇಳಿ? "ತಪ್ಪಾಯ್ತು ಮಾರಾಯ, ನನ್ನ ಕೈಯೇ ಸರಿ ಇಲ್ಲ" ಅಂತ ಅಜ್ಜಿ ಮಷಿನ್ ಮುಂದೆ ಕೂತಿದ್ದ ಹುಡುಗನ ಹತ್ತಿರ ಹೇಳಿದಾಗ ನನಗೆ ತಡೆಯಲಾಗಲಿಲ್ಲ.

ತಪ್ಪು ಅವರದ್ದಲ್ಲ.

ತಿಂಗಳಿಗೆ ಬರುವುದು 1200 ರೂಪಾಯಿ. ಆವತ್ತು ಆಟೋಗೇ 350 ಹೋಯಿತು. ಹೆಂಗಸರಿಗೆ ಬಸ್ ಫ್ರೀ ಅಲ್ವಾ ಅನ್ನಬೇಡಿ, ನಮ್ಮ ಕಡೆ ಓಡುವುದು ಜಾಸ್ತಿ ಪ್ರೈವೇಟ್ ಬಸ್ಸು, ಅದರಲ್ಲಿ ಶಕ್ತಿ ಯೋಜನೆ ನಡೆಯುವುದಿಲ್ಲ. ಇನ್ನು ಕೇಂದ್ರದ ಇಂದಿರಾ ಗಾಂಧಿ ವೃದ್ಧಾಪ್ಯ ಪಿಂಚಣಿಯಲ್ಲಿ 60ರಿಂದ 79ರವರೆಗಿನವರಿಗೆ ಕೇಂದ್ರ ಕೊಡುವುದು 200 ರೂಪಾಯಿ. ಹದಿನೈದು ವರ್ಷಕ್ಕೂ ಮೇಲಾಯಿತು, ಅಷ್ಟೇ ಇದೆ.

ಮೊದಲು ಮನಿಯಾರ್ಡರ್ ಬರುತ್ತಿತ್ತು, ಪೋಸ್ಟ್‌ಮ್ಯಾನ್ ಜಗಲಿಯಲ್ಲಿ ಕೂತು ಎಣಿಸಿ ಕೊಟ್ಟು ಹೋಗುತ್ತಿದ್ದರು. ಅದರಲ್ಲೂ ಹತ್ತಿಪ್ಪತ್ತು ಹಿಡಿದುಕೊಳ್ಳುವವರು ಇದ್ದರು, ಹಾಗಾಗಿ ನೇರ ಖಾತೆಗೆ ಹಾಕುವುದು ಬೇಡ ಅಂತ ನಾನು ಹೇಳುವುದಿಲ್ಲ. ಸತ್ತವರ ಹೆಸರಲ್ಲಿ ದುಡ್ಡು ಹೋಗಬಾರದು, ಪರಿಶೀಲನೆಯೂ ಬೇಕು. ಆದರೆ ನಿಲ್ಲಿಸುವ ಮುಂಚೆ ಒಂದು ಸಲ ಮನೆಗೆ ಬಂದು ನೋಡಿ. ನಿಲ್ಲಿಸಿ ಆಮೇಲೆ ಮುದುಕರನ್ನೇ ಓಡಾಡಿಸುವುದು ಯಾವ ನ್ಯಾಯ?

ಆಗುವುದಿಲ್ಲ ಅಂತ ಮಾತ್ರ ಹೇಳಬೇಡಿ. 2023ರ ವಿಧಾನಸಭೆ ಚುನಾವಣೆಯಲ್ಲಿ 80 ದಾಟಿದವರಿಗೆ ಮನೆಯಲ್ಲೇ ವೋಟ್ ಹಾಕುವ ಅವಕಾಶ ಕೊಟ್ಟರು. ಈ ಅಜ್ಜಿಯ ಮನೆಗೂ ಬಂದಿದ್ದರು. ಜೀಪು ಹೋಗದ ಕಡೆ ಹಳ್ಳದ ಸಂಕ (ಕಾಲುಸೇತುವೆ) ದಾಟಿ, ಪೆಟ್ಟಿಗೆ ಹೊತ್ತು, ನಾಲ್ಕೈದು ಜನ. ಒಂದು ವೋಟಿಗೆ ಅಷ್ಟು ದೂರ ಬಂದವರು ಪಿಂಚಣಿಗೆ ಬರಲಾರರಾ? ಗ್ರಾಮ ಆಡಳಿತಾಧಿಕಾರಿ ಹೇಗೂ ಊರಿಗೆ ಬಂದು ಹೋಗುತ್ತಾರೆ. ಆಧಾರ್‌ನಲ್ಲಿ ಮುಖ ನೋಡಿ ಗುರುತು ಹಿಡಿಯುವ ವ್ಯವಸ್ಥೆಯೂ ಇದೆ. ನಮ್ಮ ಗುಡ್ಡದಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಒಂದು ಕಾಗದದಲ್ಲಿ ಬರೆದುಕೊಂಡು ಹೋಗಲಿ, ಈ ಅಜ್ಜಿ ಬದುಕಿದ್ದಾರೆ, ನಾನು ಕಣ್ಣಾರೆ ನೋಡಿದ್ದೇನೆ ಅಂತ.

ನಿಮ್ಮ ಕಡೆಯೂ ಹೀಗೆ ನಿಂತಿದ್ದರೆ ಗ್ರಾಮಸಭೆಯಲ್ಲಿ ಎದ್ದು ಕೇಳಿ, ನಾನಂತೂ ಕೇಳುತ್ತೇನೆ. ಗುರುವಾರ ಮತ್ತೆ ಬರಲು ಹೇಳಿದ್ದಾರೆ. ಬೆರಳು ಮೆತ್ತಗಾಗಲಿ ಅಂತ ಅಜ್ಜಿ ಎರಡು ದಿನದಿಂದ ಕೊಬ್ಬರಿ ಎಣ್ಣೆ ತಿಕ್ಕುತ್ತಾ ಕೂತಿದ್ದಾರೆ.