ಗಚ್ಚಿನ ಗ್ವಾಡಿಗೆ ಸಿಮೆಂಟ್ ಮೆತ್ತೋ ಮಂದಿಗೆ

ಇವತ್ತ ಮಧ್ಯಾಹ್ನ ಬುತ್ತಿ ಉಂಡು ಬಂದು ನೋಡತೀನಿ, ಪಡಸಾಲಿ ಬಲಗಡೆ ಗ್ವಾಡಿ ಬುಡಕ್ಕ ಮೊಳಕಾಲಮಟ ಹಸೀ ಸಿಮೆಂಟ್! ಮುಂಜಾನೆ ಅಲ್ಲಿ ಕೆಂಪು ಮರಳುಗಲ್ಲು ಕಾಣತಿತ್ತು, ಸಂದಿನ್ಯಾಗ ಹಳೇ ಗಚ್ಚಿತ್ತು, ಅಂದ್ರ ಸುಣ್ಣದ ಗಾರೆ. ನಾನೇ ಟೇಪ್ ಹಿಡದು ಅಳತಿ ಬರಕೊಂಡಿದ್ದೆ. ಗುತ್ತಿಗೆದಾರನ ಹುಡುಗನ್ನ ಕೇಳಿದ್ರ, "ಮ್ಯಾಡಮ್, ಹಸಿ ಏರತಿತ್ತಲ್ಲ, ಬಂದ್ ಮಾಡೇವಿ" ಅಂದ. ಎಷ್ಟ ಕಾಳಜಿ ನೋಡ್ರಿ.

ನಾ ವಾಡೇದಾಗ ಇಂಟರ್ನ್‌ಶಿಪ್ ಸುರು ಮಾಡಿದ್ದು ನಿಮಗೆಲ್ಲಾ ಗೊತ್ತೈತಿ. ಪಗಾರ ಇಲ್ಲ ಅನ್ನೂದೂ ಗೊತ್ತೈತಿ, ಕಾಮೆಂಟಿನ್ಯಾಗ ಮತ್ತ ಅದನ್ನ ಎತ್ತಬ್ಯಾಡ್ರಿ. ಬಾಗಲಕೋಟಿ ಜಿಲ್ಲಾದ ಒಂದು ದೇಸಗತಿ ವಾಡೆ, ಅಂದ್ರ ದೇಸಾಯರ ಹಳೇ ದೊಡ್ಡ ಮನಿ, ದುರಸ್ತಿ ಮಾಡಿ ಮ್ಯೂಸಿಯಂ ಮಾಡಾಕತ್ತಾರ. ಊರ ಹೆಸರ ಬರಿಯೂದಿಲ್ಲ, ಬರದ್ರ ನಾಳೆ ಒಳಗ ಬಿಡೂದಿಲ್ಲ. ಕಂಬ, ಬೋದಿಗಿ, ತೊಲಿ, ಜಂತಿ ಒಂದೊಂದಕ್ಕೂ ನಂಬರ್ ಕೊಟ್ಟು, ಫೋಟೋ ತಗದು, ಬರದಿಡೂದು ನನ್ನ ಕೆಲಸ. ಕಾಳು ತುಂಬೂ ಹಗೇವಿನ ಬಾಯಿಗೂ ನಂಬರ್ ಐತಿ. ಅಡಗಿ ಮನಿ ಜಂತಿಗೆ ಹತ್ತಿದ ಮಸಿ ಯಾರೂ ಒರಸಬ್ಯಾಡ್ರಿ ಅಂತ ಚೀಟಿ ಅಂಟಿಸೀನಿ. ದೇಸಾಯರ ಕತ್ತಿ ಇಡಾಕ ಗಾಜಿನ ಪೆಟಿಗಿ ಬರತೈತಂತ, ಆ ಮಸಿ ಉಳದ್ರ ನನಗ ಸಾಕು.

ಸಿಮೆಂಟಿಗೆ ಬರೂಣು. ನೆಲದಾಗಿನ ಹಸಿ ಕಲ್ಲಿನ ಗ್ವಾಡ್ಯಾಗ ಏರೇ ಏರತೈತಿ. ಸಂದಿನ ಸುಣ್ಣದಾಗ ಹಾಯ್ದು ಹೊರಗ ಬಂದು ಗಾಳಿಗೆ ಆರಿ ಹೋಗತೈತಿ. ಮ್ಯಾಲ ಸಿಮೆಂಟ್ ಮೆತ್ತಿದ್ರ ಹಸಿ ನಿಲ್ಲೂದಿಲ್ಲ, ಅದು ಹೊರಗ ಹೋಗೂ ದಾರಿ ನಿಲ್ಲತೈತಿ. ಸಿಮೆಂಟ್ ಪಟ್ಟಿ ದಾಟಿ ಇನ್ನೂ ಮ್ಯಾಲ ಏರತೈತಿ, ಇಲ್ಲಾ ಕಲ್ಲಿನ ಒಳಗ ಉಪ್ಪು ಹರಳುಗಟ್ಟತೈತಿ. ನಮ್ಮ ಕಡೆ ಮರಳುಗಲ್ಲು ಮೊದಲ ಮೆತ್ತಗ, ಹಪ್ಪಳದಂಗ ಪದರ ಪದರ ಎದ್ದು ಉದುರತೈತಿ. ಇದನ್ನ ಎಂಜಿನಿಯರ್ ಸಾಹೇಬರಿಗೆ ಹೇಳಿದ್ನಿ. "ಮ್ಯಾಲ ಸುಣ್ಣ ಹೊಡದ್ರ ಯಾರಿಗೂ ಕಾಣೂದಿಲ್ಲ ಬಿಡವಾ" ಅಂದ್ರು. ಮಂದಿಗೆ ತೋರಸಾಕ ಕಟ್ಟೂ ಮ್ಯೂಸಿಯಂದಾಗ ಮುಚ್ಚಿಡೂದೇ ಮೊದಲನೇ ಕೆಲಸ!

ಅದ ಹೊತ್ತಿಗೆ ಹಿತ್ತಲದಾಗ ಗೌಂಡಿ ಮುತ್ಯಾ ಸುಣ್ಣದ ಕುಣಿ ಕಾಯ್ಕೊಂತ ಕುಂತಿದ್ದ. ಅರಳಿಸಿದ ಸುಣ್ಣ ನೀರಾಗ ನೆನದೈತಿ, ಬಾಜೂಕ ಒಂದು ಬ್ಯಾರಲ್‌ನ್ಯಾಗ ಬೆಲ್ಲ, ಅಳಲೆಕಾಯಿ ನೀರು. ಒಂದು ಚೂರು ಸುಣ್ಣ ತಗೊಂಡು ಹೆಬ್ಬೆಟ್ಟು, ತೋರಬೆರಳಿನ ನಡುವ ತಿಕ್ಕಿ ನೋಡಿದ. "ಇನ್ನೂ ಹರಳು ಹತ್ತತಾವ ಯವ್ವಾ, ಎಂಟ ದಿನ ಹೋಗಲಿ" ಅಂದು ಮ್ಯಾಲ ಹಸಿ ತಟ್ಟು ಹೊಚ್ಚಿದ. ಇಡೀ ವಾಡೇದಾಗ ಅವಸರ ಇಲ್ಲದ ಮನಶಾ ಅಂದ್ರ ಅವನೊಬ್ಬನ. ಅವನ್ನ ಯಾರೂ ಕೇಳೂದಿಲ್ಲ ಅನ್ರಿ.

ಈಗ ಕೆಲವರು ಬರತೀರಿ, ಗೊತ್ತೈತಿ. ಸುಣ್ಣ ಗಾಳಿಯಾಗಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಕಲ್ಲಾಗಾಕ ತಿಂಗಳುಗಟ್ಲೆ ಬೇಕು, ಸಿಮೆಂಟ್ ರಾತ್ರಿ ಕಳಿಯೂದ್ರಾಗ ಕಚ್ಚತೈತಿ, ಗಚ್ಚು ಬಲ್ಲ ಗೌಂಡಿ ಸಿಗೂದಿಲ್ಲ, ಮಾರ್ಚ್ 31ರ ಒಳಗ ಬಿಲ್ ಆಗಬೇಕು. ಹೌದ್ರಿ, ಗೋಲಗುಮ್ಮಟಕ್ಕ ಮಾರ್ಚ್ ಎಂಡ್ ಇದ್ದಿಲ್ಲ, ಪಾಪ. 1656ರಾಗ ಮುಗದದ್ದು, ಒಳಗಿನ ಅಗಲ ಸುಮಾರು 38 ಮೀಟರ್, ನಡುವ ಒಂದು ಕಂಬ ಇಲ್ಲ. ನಿಂತಿದ್ದು ಸುಣ್ಣದ ಗಚ್ಚಿನ ಮ್ಯಾಲ.

ಇನ್ನೊಂದು ಮಜಾ ಕೇಳ್ರಿ. ಕಿತ್ತೂರಾಗ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಸತ್ತದ್ದು 1824ರ ಅಕ್ಟೋಬರ್ 23ಕ್ಕ. ಅದಕ್ಕ ಎರಡ ದಿನ ಮೊದಲ, ಅಕ್ಟೋಬರ್ 21ಕ್ಕ, ಇಂಗ್ಲೆಂಡಿನ್ಯಾಗ ಜೋಸೆಫ್ ಆಸ್ಪ್‌ಡಿನ್ ಅನ್ನಾಂವ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಪೇಟೆಂಟ್ ತಗೊಂಡಿದ್ದ. ಥ್ಯಾಕರೆಗೆ ಗುಂಡು ಹೊಡದ್ವಿ, ಆಸ್ಪ್‌ಡಿನ್‌ಗೆ ತಲಬಾಗಲಾ ತಗದ್ವಿ.

ಖರೇ ಹೇಳಬೇಕಂದ್ರ ಇಷ್ಟ ಬೈಯಾಕ ನನಗೇನೂ ಅಧಿಕಾರ ಇಲ್ಲ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟಿಯ ಮನಿ ಹೋತು, ಬಂದ ಪರಿಹಾರದಾಗ ಅಪ್ಪ ನವನಗರದಾಗ ಅಂಗಡಿ ಹಾಕಿದ. ಏನ್ ಅಂಗಡಿ? ಸಿಮೆಂಟಿಂದ! ಚೀಲ ಎಣಿಸಿ ಬಂದ ರೊಕ್ಕದಾಗ ನಾ ಧಾರವಾಡದಾಗ ಓದೀನಿ. ನಮ್ಮ ಮುತ್ಯಾ ಕಟ್ಟಿಸಿದ್ದ ಆ ಮನಿ ಸಾಗವಾನಿ ಬಾಗಲಾ ಯಾರ ಫಾರ್ಮ್‌ಹೌಸಿನ್ಯಾಗ ಐತೋ, ಅವ್ವ ಈಗೂ ಕೇಳತಾಳ.

ಸಿಮೆಂಟಿನ ಮ್ಯಾಲ ಸಿಟ್ಟಿಲ್ಲ ನನಗ. ಹೊಸಾ ಮನಿ ಕಟ್ರಿ, ಚೀಲಗಟ್ಲೆ ಸುರೀರಿ, ಅಪ್ಪಗೂ ನಾಕ ರೊಕ್ಕ ಸಿಗಲಿ. ಸುಣ್ಣದಾಗ ಕಟ್ಟಿದ ಗ್ವಾಡಿಗೆ ಸುಣ್ಣಾನ ಹಚ್ರಿ ಅಂತೀನಿ ಅಷ್ಟ. ಇವತ್ತ ಹಸಿ ಇದ್ದಾಗ ಕೆರದಿದ್ರ ಸಿಮೆಂಟ್ ಸಲೀಸ ಬರತಿತ್ತು, ಗಟ್ಟಿ ಆದ ಮ್ಯಾಲ ಕೆತ್ತಿದ್ರ ಕಲ್ಲಿನ ಮೈನೂ ಕಿತ್ತಗೊಂಡ ಬರತೈತಿ. "ಸೋಮವಾರ ದೊಡ್ಡ ಸಾಹೇಬ್ರು ಬರತಾರ, ಅವರ ಹೇಳಲಿ" ಅಂದ್ರು. ಇವತ್ತ ಶುಕ್ರವಾರ. ನಾ ನನ್ನ ಹಾಳ್ಯಾಗ ತಾರೀಖು ಹಾಕಿ, ಅಳತಿ ಬರದು, ಫೋಟೋ ಅಂಟಿಸಿ ಬಂದೀನಿ. ಇಂಟರ್ನ್ ಕೈಯಾಗ ಮತ್ತೇನೈತಿ?

ಈಗ ಕೆಲಸದ ಮಾತು. ಗೌಂಡಿ ಮುತ್ಯಾಗ ಗಚ್ಚು ಅರಿಯಾಕ ಗಾಣದ ಕಲ್ಲು ಬೇಕಾಗೇತಿ, ಎತ್ತು ಕಟ್ಟಿ ತಿರಗಸೂ ದುಂಡನ್ನ ಕಲ್ಲು. ಬಾದಾಮಿ, ಗುಳೇದಗುಡ್ಡ, ಹುನಗುಂದ ಕಡೆಯವರು ನಿಮ್ಮೂರ ಗುಡಿ ಹಿಂದ, ತಿಪ್ಪಿ ಬಾಜೂಕ ಅಂಥಾದ್ದು ಬಿದ್ದಿದ್ರ ಫೋಟೋ ತಗದು ಇನ್‌ಬಾಕ್ಸ್‌ಗೆ ಕಳಸ್ರಿ. ಸಿಮೆಂಟ್ ಬೇಕಾದವರಿಗೆ ಅಪ್ಪನ ನಂಬರ್ ಕೊಡತೀನಿ.