ಹುಟ್ಟಲೇ ಇಲ್ಲದ ಕರುವಿನ ವಂಶಾವಳಿ

ಜಾತಿ ದನಗಳ ತಳಿ ಬೆಳೆಸುವವರಷ್ಟು ಅಚ್ಚುಕಟ್ಟಾಗಿ ದಾಖಲೆ ಇಡುವ ಜನ ಲೋಕದಲ್ಲಿ ಇನ್ನೊಬ್ಬರಿರಲಾರರು. ಹೋರಿಯ ಮುತ್ತಜ್ಜ ಯಾವ ಪ್ರದರ್ಶನದಲ್ಲಿ ಯಾವ ಪದಕ ಗೆದ್ದಿತು, ಅದರ ತಾಯಿಯ ತಾಯಿ ಮೂರನೆಯ ಸೂಲಿನಲ್ಲಿ ಎಷ್ಟು ಹಾಲು ಕೊಟ್ಟಿತು ಎಂಬುದೆಲ್ಲ ಅವರಿಗೆ ಬಾಯಿಪಾಠ. ಸ್ವಂತ ಮುತ್ತಜ್ಜನ ಹೆಸರು ಕೇಳಿದರೆ ತಡವರಿಸುವವರೂ ಹೋರಿಯ ಏಳು ತಲೆಮಾರನ್ನು ನಿಂತ ನಿಲುವಿನಲ್ಲೇ ಒಪ್ಪಿಸಿಬಿಡುತ್ತಾರೆ. ಇಷ್ಟು ಗಟ್ಟಿಯಾದ ನೆನಪಿನಿಂದ ಜಾರಿಹೋಗುವುದು ಒಂದೇ ಒಂದು: ಬೆನ್ನು ಡೊಂಕಾಗಿ, ಕಾಲು ಸೆಟೆದು, ಸತ್ತೇ ಹುಟ್ಟಿದ್ದರಿಂದ ಮೊನ್ನೆ ರಾತ್ರಿ ಹಿತ್ತಿಲಲ್ಲಿ ಹೂತುಬಂದ ಕರು.

ಅದರ ಸಾವಿಗೆ ಕಾರಣ ಕೇಳಿದರೆ ಉತ್ತರಗಳಿಗೆ ಬರವಿಲ್ಲ. ಗಬ್ಬದ ಹಸು ಲೂಪಿನ್ ಗಿಡ ಮೇದಿರಬೇಕು, ಮೇವಿನಲ್ಲಿ ಮ್ಯಾಂಗನೀಸ್ ಕಡಿಮೆಯಾಗಿರಬೇಕು, ಅಕಬಾನೆ ವೈರಾಣು ಹೊತ್ತ ಕೀಟ ಕಚ್ಚಿರಬೇಕು. ಈ ಮೂರರಿಂದಲೂ ಕರು ವಿಕಾರವಾಗಿ ಹುಟ್ಟುವುದು ನಿಜವೇ ಆಗಿರುವುದು ಈ ನೆಪಗಳ ದೊಡ್ಡ ಅನುಕೂಲ. ಕಳೇಬರವನ್ನು ಪ್ರಯೋಗಾಲಯಕ್ಕೆ ಕಳಿಸಿದರೆ ಇವುಗಳಲ್ಲಿ ಯಾವುದು, ಅಥವಾ ಯಾವುದೂ ಅಲ್ಲವೇ ಎಂಬುದು ತಿಳಿದುಬಿಡುವ ಅಪಾಯವಿರುವುದರಿಂದ ಗುದ್ದಲಿಯೇ ಕ್ಷೇಮ. ಗಿಡ, ಗಾಳಿ, ಹುಳು, ಗ್ರಹಗತಿ, ಯಾವುದನ್ನು ಬೇಕಾದರೂ ಶಂಕಿಸಬಹುದು. ಆ ಕರುವಿಗೆ ಅರ್ಧದಷ್ಟು ವಂಶವಾಹಿಗಳನ್ನು ಕೊಟ್ಟ ಹೋರಿಯನ್ನು ಮಾತ್ರ ಶಂಕಿಸುವಂತಿಲ್ಲ, ಏಕೆಂದರೆ ಅದರ ವೀರ್ಯದ ನಳಿಕೆಗಳು ಇನ್ನೂ ಮಾರಾಟವಾಗಿ ಮುಗಿದಿಲ್ಲ.

ಹಾಗೆ ನೋಡಿದರೆ ಇಲ್ಲಿ ಯಾರೂ ಅಪರಾಧಿಗಳಲ್ಲ. ಇಂಥ ದೋಷಗಳಲ್ಲಿ ಹೆಚ್ಚಿನವು ಸುಪ್ತ ಸ್ವಭಾವದವು; ವಂಶವಾಹಿಯ ಒಂದು ಕೆಟ್ಟ ಪ್ರತಿಯನ್ನಷ್ಟೇ ಹೊತ್ತ ವಾಹಕ ದನ ಆರೋಗ್ಯವಾಗಿಯೇ ಇರುತ್ತದೆ, ಪದಕವನ್ನೂ ಗೆಲ್ಲುತ್ತದೆ. ಎರಡು ವಾಹಕಗಳು ಕೂಡಿದಾಗ, ಸರಾಸರಿ ಲೆಕ್ಕದಲ್ಲಿ, ನಾಲ್ಕು ಕರುಗಳಲ್ಲಿ ಒಂದಕ್ಕೆ ಪೆಟ್ಟು ಬಿದ್ದು ಉಳಿದ ಮೂರು ನೋಟಕ್ಕೆ ಚೆಂದವಾಗಿಯೇ ಹುಟ್ಟುತ್ತವೆ. ಹಿಂದೆ ಒಂದು ಹೋರಿಯನ್ನು ಪರೀಕ್ಷಿಸಲು ಅದನ್ನು ವಾಹಕ ಹಸುಗಳಿಗೆ ಕೊಟ್ಟು ಕಾಯಬೇಕಿತ್ತು. ಸಾಲಾಗಿ 16 ಕರು ಸರಿಯಾಗಿ ಹುಟ್ಟಿದರೆ, ವಾಹಕವಾಗಿದ್ದೂ ಅದು ಹಾಗೆ ಪಾರಾಗಿರುವ ಸಂಭವ ಶೇ. 1 ಮಾತ್ರ ಎಂದು ನಿಟ್ಟುಸಿರು ಬಿಡುತ್ತಿದ್ದರು. ದೋಷದ ವಂಶವಾಹಿ ಪತ್ತೆಯಾಗಿದ್ದರೆ ಈಗ ಬಾಲದ ನಾಲ್ಕು ಕೂದಲು ಸಾಕು. ಪ್ರದರ್ಶನದ ಹಿಂದಿನ ದಿನ ಅದೇ ಬಾಲವನ್ನು ತೊಳೆದು, ಬಾಚಿ, ಗಂಟೆಗಟ್ಟಲೆ ಸಿಂಗರಿಸುವ ಕೈಗಳಿಗೆ ಆ ನಾಲ್ಕು ಕೂದಲು ಕೀಳಲು ಮಾತ್ರ ಮನಸ್ಸು ಬಾರದು.

ಈ ಸಂಪ್ರದಾಯಕ್ಕೆ ಗೌರವಯುತ ಇತಿಹಾಸವೂ ಇದೆ. 1940 ಮತ್ತು 50ರ ದಶಕಗಳಲ್ಲಿ ಅಮೆರಿಕದ ಹೆರೆಫೋರ್ಡ್ ದನಗಳಲ್ಲಿ ಕುಬ್ಜ ಕರುಗಳು ಹುಟ್ಟತೊಡಗಿದವು. ಗಿಡ್ಡಗೆ, ದುಂಡಗೆ, ನೆಲಕ್ಕೆ ಹತ್ತಿರವಾಗಿದ್ದ ದನವೇ ಸುಂದರವೆಂದು ಆಗಿನ ತೀರ್ಪುಗಾರರು ನಂಬಿದ್ದರು, ಮತ್ತು ಆ ಸೌಂದರ್ಯ ವಾಹಕ ಹೋರಿಗಳಲ್ಲಿ ಎದ್ದು ಕಾಣುತ್ತಿತ್ತು. ಹೀಗೆ ದೋಷಕ್ಕೇ ಪದಕ ತೊಡಿಸಿ ಊರೂರಿಗೆ ಕಳಿಸಲಾಯಿತು. ಕೊನೆಗೆ ಹೋರಿಯ ಹಣೆಯ ಉಬ್ಬುತಗ್ಗುಗಳನ್ನು ಅಳೆದು ವಾಹಕವನ್ನು ಹಿಡಿಯುವ ಉಪಕರಣವೂ ಬಂತು. ಮಾಲೀಕರು ಬಾಯಿ ಬಿಡದ ಮೇಲೆ ವಿಜ್ಞಾನಿಗಳು ಹಣೆಬರಹ ಓದದೆ ಇನ್ನೇನು ಮಾಡಿಯಾರು?

ಎಲ್ಲವನ್ನೂ ಬಚ್ಚಿಟ್ಟರು ಎಂದರೆ ಅನ್ಯಾಯವಾದೀತು. 1962ರಲ್ಲಿ ಹುಟ್ಟಿದ ಪಾನೀ ಫಾರ್ಮ್ ಆರ್ಲಿಂಡಾ ಚೀಫ್ ಎಂಬ ಹೋಲ್‌ಸ್ಟೀನ್ ಹೋರಿಗೆ 16,000 ಹೆಣ್ಣುಮಕ್ಕಳಿದ್ದವು. ಅದು ಹಾಲಿನ ಹೊಳೆಯ ಜೊತೆಗೆ ಒಂದು ಮಾರಕ ವಂಶವಾಹಿಯನ್ನೂ ಹರಿಸಿತ್ತು. ಅದರಿಂದ ಜಗತ್ತಿನಲ್ಲಿ ಸುಮಾರು 5 ಲಕ್ಷ ಗರ್ಭಪಾತಗಳಾಗಿವೆ ಎಂದು 2016ರಲ್ಲಿ ಅಂದಾಜಿಸಲಾಯಿತು. ಪಾಪ, ಅದು ಯಾರಿಗೂ ತಿಳಿದಿರಲಿಲ್ಲ. ಹಸು ಕಂದು ಹಾಕಿತು ಎಂದು ಪ್ರತಿಯೊಬ್ಬರೂ ತಮ್ಮ ತಮ್ಮ ಅದೃಷ್ಟವನ್ನು ಬೈದುಕೊಂಡು ಸುಮ್ಮನಾಗಿದ್ದರು. ತಿಳಿಯದೆ ಸುಮ್ಮನಿದ್ದವರ ಆ ಭಂಗಿ ತಿಳಿದವರಿಗೂ ಇಷ್ಟವಾಗಿಬಿಟ್ಟಿರುವುದು ಈಗಿನ ವಿಶೇಷ.

ತಿಳಿದವರ ಸಭೆಯ ವೈಖರಿಯನ್ನು ನೋಡಿಯೇ ಸವಿಯಬೇಕು. ಶಂಕೆ ಸಾಬೀತಾಗುವವರೆಗೆ ಹೋರಿಯ ಹೆಸರು ಹೇಳುವುದು ಅನ್ಯಾಯ ಎಂಬುದಕ್ಕೆ ಎಲ್ಲರ ಒಪ್ಪಿಗೆಯಿದೆ. ಸಾಕಷ್ಟು ಕರುಗಳ ಮಾದರಿ ಬರುವವರೆಗೆ ಶಂಕೆ ಸಾಬೀತಾಗದು ಎಂಬುದಕ್ಕೂ ಒಪ್ಪಿಗೆಯಿದೆ. ಯಾವ ಹೋರಿಯ ಕರುವನ್ನು ಕಳಿಸಬೇಕೆಂದು ತಿಳಿಯದೆ ಮಾದರಿ ಕಳಿಸುವುದು ಹೇಗೆ ಎಂಬ ಪ್ರಶ್ನೆಯೊಂದಿಗೆ ಸಭೆ ಮುಂದಕ್ಕೆ ಹೋಗುತ್ತದೆ. ಆಮೇಲೆ ಬಾಗಿಲ ಹೊರಗೆ ಅದೇ ಹೆಸರು, ‘ನಿಮ್ಮಲ್ಲೇ ಇರಲಿ’ ಎಂಬ ಪೀಠಿಕೆಯೊಡನೆ, ಕಿವಿಯಿಂದ ಕಿವಿಗೆ ದಾಟಿ ಸಂಜೆಯ ಹೊತ್ತಿಗೆ ಎಲ್ಲರಲ್ಲೂ ಇರುತ್ತದೆ. ಅಪ್ಪಿತಪ್ಪಿ ಒಬ್ಬರು ಎದ್ದು ನಿಂತು ‘ನಮ್ಮಲ್ಲಿ ಇಂಥದೊಂದು ಕರು ಹುಟ್ಟಿತು’ ಎಂದರೋ, ರೋಗ ಹುಟ್ಟಿದ್ದೇ ಅವರ ಕೊಟ್ಟಿಗೆಯಲ್ಲಿ ಎಂದು ಠರಾವಾಗುತ್ತದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಹಳೆಯ ಕಾಲದ ಮಾತು. ಇಲ್ಲಿ ಪ್ರತಿಯೊಬ್ಬರೂ ತಮ್ಮ ಕುಂಬಳಕಾಯಿಯನ್ನು ಅಂಗಿಯೊಳಗೆ ತುರುಕಿಕೊಂಡು, ನಿಜ ಹೇಳಿದವರ ಹೆಗಲನ್ನೇ ತಡಕುತ್ತಾರೆ.

ಬಾಯಿ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಯಿದೆ. ಆಂಗಸ್ ತಳಿಯಲ್ಲಿ ಬೆನ್ನು ತಿರುಚಿ ಸತ್ತು ಹುಟ್ಟುತ್ತಿದ್ದ ಕರುಗಳ ವಿಷಯ 2008ರಲ್ಲಿ ಬಹಿರಂಗವಾದ ಕೆಲವೇ ತಿಂಗಳಲ್ಲಿ ಅದಕ್ಕೆ ಡಿಎನ್‌ಎ ಪರೀಕ್ಷೆ ಸಿದ್ಧವಾಯಿತು. ವಾಹಕ ಹಸುವನ್ನು ದೋಷಮುಕ್ತ ಹೋರಿಗೆ ಕೊಟ್ಟರೆ ಅಂಥ ಕರು ಹುಟ್ಟುವುದೇ ಇಲ್ಲ ಎಂಬ ಸರಳ ಸಂಗತಿ ಮಾತ್ರ ವದಂತಿಯಷ್ಟು ರುಚಿಕರವಲ್ಲ. ಆದ್ದರಿಂದ ಅದು ವದಂತಿಯಷ್ಟು ದೂರ ನಡೆಯುವುದಿಲ್ಲ.

ಜಾಣ ಮಾರಾಟಗಾರರ ಪಟ್ಟಿಯಲ್ಲಿ ಈಗ ‘ಈ ಹೋರಿಯಲ್ಲಿ ಇದುವರೆಗೆ ಯಾವ ದೋಷವೂ ಪತ್ತೆಯಾಗಿಲ್ಲ’ ಎಂಬ ವಾಕ್ಯ ರಾರಾಜಿಸುತ್ತದೆ. ಪರೀಕ್ಷೆಯನ್ನೇ ಮಾಡಿಸಿಲ್ಲವಾದ್ದರಿಂದ ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಹೋರಿ ನೋಡಲು ಬಂದವರು, ಹಿತ್ತಿಲ ಹುಲ್ಲು ಅಲ್ಲಲ್ಲಿ ಮಾತ್ರ ಅಷ್ಟು ಹುಲುಸಾಗಿರುವುದೇಕೆ ಎಂದು ಕೇಳಿದರೆ, ಅಲ್ಲಿಗೆ ಒಳ್ಳೆಯ ಗೊಬ್ಬರ ಬಿದ್ದಿದೆ ಎಂಬ ಉತ್ತರವೂ ಅಷ್ಟೇ ಸತ್ಯ.